ತುಂಗಭದ್ರೆಯ ಎರಡು ದಂಡೆ, ಒಂದು ಹೊಣೆ

(ಹರಿಹರ ತಾಲೂಕಿನ ಸಾರಥಿಯಲ್ಲಿ ನೆರೆದ ನಾಗರಿಕರ ಹಾಗೂ ಉಪಾಧ್ಯಾಯರ ಸಭೆಯಲ್ಲಿ ಮಾಡಿದ ಭಾಷಣ)



ನಿಮ್ಮ ಊರಿನ ಹೆಸರು ಸಾರಥಿ. ರಥಕ್ಕೆ ಹೂಡಿದ ಕುದುರೆಗಳು ಎಷ್ಟೇ ಬಲಿಷ್ಠವಾಗಿದ್ದರೂ ರಥವು ಯಾವ ದಾರಿಯನ್ನು ಹಿಡಿಯಬೇಕೆಂಬುದು ಲಗಾಮು ಹಿಡಿದವನ ಕೈಯಲ್ಲಿರುವದು. ನದಿಯ ವಿಷಯವೂ ಇದರಂತೆಯೇ ಎಂದು ನಾವು ಭಾವಿಸುತ್ತೇವೆ. ಮಲೆನಾಡಿನ ಮೇಲೆ ಮಳೆ ಸುರಿಸುವದು ಪ್ರಕೃತಿಯ ಕೆಲಸ. ಆದರೆ ಆ ನೀರು ಚೈತ್ರ ವೈಶಾಖಗಳಲ್ಲಿ ಹರಿಹರದ ಸೇತುವೆಯ ಕೆಳಗೆ ಎಷ್ಟು ಹರಿಯಬೇಕು, ಯಾವ ಬಣ್ಣದಲ್ಲಿ ಹರಿಯಬೇಕು, ಅದರಲ್ಲಿ ಮೀನು ಬದುಕಬೇಕೋ ಬೇಡವೋ ಎಂಬುದನ್ನು ಕಳೆದ ನೂರೈವತ್ತು ವರ್ಷಗಳಿಂದ ಸರಕಾರಗಳು ನಿರ್ಧರಿಸುತ್ತ ಬಂದಿವೆ. ಸಾರಥಿಯು ಎಚ್ಚರದಿಂದಿದ್ದಾಗ ರಥವು ದಾರಿಯಲ್ಲಿ ನಡೆದಿದೆ. ಆತನು ಕಣ್ಣು ಮುಚ್ಚಿದಾಗ ಹಳ್ಳಕ್ಕೆ ಬಿದ್ದಿದೆ. ಆ ಚರಿತ್ರೆಯನ್ನು ಇಂದು ತಮ್ಮ ಮುಂದಿಡಬೇಕೆಂದು ಬಂದಿದ್ದೇವೆ.

ಮೊದಲು ನಮ್ಮ ನದಿಯ ಪರಿಚಯವನ್ನು ಮಾಡಿಕೊಳ್ಳೋಣ. ನಿತ್ಯವೂ ನೋಡುವದನ್ನೇ ನಾವು ಸರಿಯಾಗಿ ಅರಿಯದೆ ಇರುವದುಂಟು. ಸಹ್ಯಾದ್ರಿಯ ವರಾಹ ಪರ್ವತದ ಗಂಗಾಮೂಲದಲ್ಲಿ ತುಂಗೆಯೂ ಭದ್ರೆಯೂ ಒಂದೇ ತಾಯಿಯ ಮಕ್ಕಳಂತೆ ಹುಟ್ಟಿ ಬೇರೆ ಬೇರೆ ದಾರಿ ಹಿಡಿಯುವವು. ತುಂಗೆಯು ಶೃಂಗೇರಿ, ತೀರ್ಥಹಳ್ಳಿ, ಶಿವಮೊಗ್ಗೆಗಳನ್ನು ತೊಳೆದು ಬರುವಳು. ಭದ್ರೆಯು ಕುದುರೆಮುಖದ ಮಗ್ಗುಲಿಂದ ಇಳಿದು ಲಕ್ಕವಳ್ಳಿ, ಭದ್ರಾವತಿಗಳನ್ನು ದಾಟಿ ಬರುವಳು. ಕೂಡಲಿಯಲ್ಲಿ ಇಬ್ಬರೂ ಸೇರಿ ತುಂಗಭದ್ರೆಯಾಗಿ, ಅಲ್ಲಿಂದ 531 ಕಿಲೋಮೀಟರು ಹರಿದು ಕೃಷ್ಣೆಯನ್ನು ಸೇರುವರು. ಹೊನ್ನಾಳಿಯನ್ನು ದಾಟಿ ಹರಿಹರಕ್ಕೆ ಬಂದಾಗ ಸೂಳೆಕೆರೆಯಿಂದ ಹರಿದು ಬರುವ ಹರಿದ್ರೆಯೂ ಇವರೊಡನೆ ಕೂಡುವಳು. ಹರಿಯೂ ಹರನೂ ಒಂದೇ ವಿಗ್ರಹದಲ್ಲಿ ನಿಂತಿರುವ ಗುಡಿಯನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೊಲಾಳ್ವನು 13ನೆಯ ಶತಮಾನದಲ್ಲಿ ಈ ತೀರದಲ್ಲಿಯೇ ಕಟ್ಟಿಸಿದನು. ಕೂಡುವದೇ ಈ ನದಿಯ ಧರ್ಮ; ಕೂಡಿಸುವದೇ ಈ ಕ್ಷೇತ್ರದ ಧರ್ಮ.

ಇಂಥ ನದಿಯನ್ನು ರಾಜಕಾರಣವು ಏನು ಮಾಡಿತು? ಗಡಿಯ ಗೆರೆಯನ್ನಾಗಿ ಮಾಡಿತು. 1956ಕ್ಕೆ ಮೊದಲಿನ ನಕಾಶೆಯನ್ನು ಬಿಡಿಸಿ ನೋಡಿರಿ. ಈ ದಂಡೆಯ ಹರಿಹರವು ಮೈಸೂರು ಸಂಸ್ಥಾನದ ಕೊನೆಯ ಊರು. ಎದುರಿನ ದಂಡೆಯ ರಾಣೆಬೆನ್ನೂರು ತಾಲೂಕು ಮುಂಬಯಿ ಇಲಾಖೆಯದು. ಸ್ವಲ್ಪ ಕೆಳಗೆ ಸರಿದರೆ ಬಲದಂಡೆಯ ಹರಪನಹಳ್ಳಿ, ಹಡಗಲಿಗಳು ಮದರಾಸಿನ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಇನ್ನೂ ಕೆಳಗೆ ಎಡದಂಡೆಯ ಕೊಪ್ಪಳ, ಗಂಗಾವತಿಗಳು ನಿಜಾಮನ ಆಳಿಕೆಯಲ್ಲಿದ್ದವು. ನೀರು ಒಂದು, ನುಡಿ ಒಂದು, ದಂಡೆಯ ಜನರ ನೆಂಟಸ್ತಿಕೆ ಒಂದು. ಆದರೆ ಒಡೆಯರು ನಾಲ್ವರು. 1868ರಲ್ಲಿ ಹರಿಹರದ ಹಳೆಯ ಸೇತುವೆಯಾದ ಮೇಲೆ ಬಂಡಿಗಳು ಸಲೀಸಾಗಿ ದಾಟಿದವು, ಬೀಗರು ದಾಟಿದರು. ಆಳಿಕೆಯ ಹೊಣೆಯು ಮಾತ್ರ ನಡುಹೊಳೆಯಲ್ಲಿಯೇ ನಿಂತಿತು. ಏಕೀಕರಣಕ್ಕಾಗಿ ದುಡಿದ ಹಿರಿಯರು ನಾಡು ಹರಿದು ಹಂಚಿಹೋದುದರಿಂದ ನುಡಿಗೂ ವಿದ್ಯೆಗೂ ಆದ ಹಾನಿಯನ್ನು ಮನಮುಟ್ಟುವಂತೆ ವಿವರಿಸಿದರು. ನದಿಗೆ ಆದ ಹಾನಿಯು ಅದಕ್ಕಿಂತ ಕಡಿಮೆಯದಾಗಿರಲಿಲ್ಲವೆಂಬುದನ್ನು ನಾವು ಇಂದು ನೋಡಬೇಕಾಗಿದೆ.

ಇದಕ್ಕೆ ಒಂದು ದೃಷ್ಟಾಂತವನ್ನು ಹೇಳುವೆವು. 1892ರಲ್ಲಿ ಮದರಾಸು ಸರಕಾರವೂ ಮೈಸೂರು ಸಂಸ್ಥಾನವೂ ಒಂದು ಒಪ್ಪಂದಕ್ಕೆ ಬಂದವು. ಅದರಲ್ಲಿ ಹೆಸರಿಸಿದ ಮುಖ್ಯ ನದಿಗಳ ಮೇಲೆ ಮೈಸೂರು ಸಂಸ್ಥಾನವು ಮದರಾಸಿನ ಮುನ್ನೊಪ್ಪಿಗೆಯಿಲ್ಲದೆ ಹೊಸ ಜಲಾಶಯಗಳನ್ನು ಕಟ್ಟಕೂಡದೆಂದು ಗೊತ್ತಾಯಿತು. ತುಂಗೆ, ಭದ್ರೆ, ತುಂಗಭದ್ರೆಗಳು ಆ ಪಟ್ಟಿಯಲ್ಲಿದ್ದವು. ಕೆಳಗಿನವರ ಹಳೆಯ ಗದ್ದೆಗಳಿಗೆ ನೀರು ತಪ್ಪಬಾರದೆಂಬುದು ನ್ಯಾಯವಾದ ಮಾತೇ. ಆದರೆ ಆ ಒಪ್ಪಂದದ ಉದ್ದಕ್ಕೂ ನೀರೆಂದರೆ ಹಂಚಿಕೊಳ್ಳುವ ಸೊತ್ತು. ಅದು ತಾನೇ ಬದುಕಬೇಕಾದ ಹೊಳೆಯೆಂಬ ವಿಚಾರಕ್ಕೆ ಅಲ್ಲಿ ಎಡೆಯಿರಲಿಲ್ಲ. ಮುಂದೆ ಬಂದ ಎಲ್ಲ ಒಪ್ಪಂದಗಳೂ ತೀರ್ಪುಗಳೂ ಇದೇ ಅಚ್ಚಿನಲ್ಲಿ ಎರಕ ಹೊಯ್ದವುಗಳೇ. 1969ರಲ್ಲಿ ನೇಮಕವಾಗಿ 1973ರಲ್ಲಿ ತೀರ್ಪನ್ನಿತ್ತ ಬಚಾವತ್ ನ್ಯಾಯಮಂಡಲಿಯು ಕೃಷ್ಣಾ ಕೊಳ್ಳದ ನೀರನ್ನು ಪ್ರಾಂತಗಳಿಗೆ ಪಾಲು ಮಾಡಿತು. ಹೊಳೆಯ ಕನಿಷ್ಠ ಹರಿವಿಗೆಂದು ಒಂದು ಚಿಕ್ಕ ಪಾಲನ್ನು ಹೆಸರಿಸುವದಕ್ಕೆ 2010ರ ಎರಡನೆಯ ನ್ಯಾಯಮಂಡಲಿಯವರೆಗೆ ಕಾಯಬೇಕಾಯಿತು. ಆಸ್ತಿಯನ್ನು ಹಂಚುವಾಗ ಮಕ್ಕಳೆಲ್ಲರೂ ಪಾಲು ಕೇಳಿದರು, ತಾಯಿಯ ಊಟವನ್ನು ಯಾರೂ ಕೇಳಲಿಲ್ಲ.

ಹಾಗೆಂದು ಹಿಂದಿನ ಅರಸರ ಕಾಲದಲ್ಲಿ ಎಲ್ಲವೂ ಸರಿಯಾಗಿತ್ತೆಂದು ಹೇಳುವ ಮೋಹ ನಮಗಿಲ್ಲ. ಅವರೂ ನದಿಗೆ ಅಡ್ಡ ಕಟ್ಟಿದವರೇ. ವಿಜಯನಗರದ ಅರಸರು ಹಂಪೆಯ ಸುತ್ತಲಿನಲ್ಲಿ ಕಲ್ಲಿನ ಒಡ್ಡುಗಳನ್ನು ಹಾಕಿ ಕಾಲುವೆಗಳನ್ನು ತೋಡಿದರು. ತುರ್ತು ಕಾಲುವೆಯು ಐದು ಶತಮಾನಗಳು ಕಳೆದರೂ ಹರಿಯುತ್ತಿರುವದು. ಆದರೆ ಅವರ ಒಡ್ಡುಗಳು ತಗ್ಗಾದವು. ಮಳೆಗಾಲದ ಮಹಾಪೂರವು ಅವುಗಳ ನೆತ್ತಿಯ ಮೇಲೆ ಹಾರಿಹೋಗುತ್ತಿತ್ತು, ಅದರೊಡನೆ ಗೋಡೂ ಹೋಗುತ್ತಿತ್ತು, ಮೀನೂ ಏರುತ್ತಿತ್ತು. ಶಕ್ತಿಯು ಅಲ್ಪವಾಗಿದ್ದುದರಿಂದ ಹಾನಿಯೂ ಅಲ್ಪವಾಗಿತ್ತು. ಶಕ್ತಿಯು ಬೆಳೆದಂತೆ ವಿವೇಕವೂ ಬೆಳೆಯಬೇಕಾಗಿತ್ತು. ಅದು ಬೆಳೆಯಲಿಲ್ಲವೆಂಬುದೇ ಮುಂದಿನ ಕಥೆ.

1876ರಿಂದ 1878ರವರೆಗಿನ ಬರವು ಬಳ್ಳಾರಿಯ ಸೀಮೆಯನ್ನು ನುಂಗಿತು. ಆ ಸೀಮೆಗೆ ನೀರು ಕೊಡಬೇಕೆಂಬ ಹಂಬಲವು ಅಂದಿನಿಂದಲೂ ಇತ್ತು. ಆದರೆ ಹೊಳೆಯ ಒಂದು ದಂಡೆಯು ಮದರಾಸಿನದು, ಇನ್ನೊಂದು ದಂಡೆಯು ಹೈದರಾಬಾದಿನದು; ಇಬ್ಬರೂ ಒಪ್ಪುವ ಹೊತ್ತಿಗೆ 1944 ಬಂತು. 1945ನೆಯ ಫೆಬ್ರುವರಿ 28ರಂದು ತುಂಗಭದ್ರಾ ಅಣೆಕಟ್ಟಿನ ಅಡಿಗಲ್ಲನ್ನಿಟ್ಟರು. 1953ರಲ್ಲಿ ನೀರು ಕಾಲುವೆಗೆ ಬಂತು. ಸುಮಾರು 90 ಹಳ್ಳಿಗಳು ಮುಳುಗಿ, 50,000ಕ್ಕೂ ಹೆಚ್ಚು ಜನರು ಒಲೆಯ ಕಲ್ಲನ್ನು ಬಿಟ್ಟು ಎದ್ದರು. ಅವರ ತ್ಯಾಗದಿಂದ ಬಳ್ಳಾರಿ, ರಾಯಚೂರು ಸೀಮೆಗಳಲ್ಲಿ ಬತ್ತದ ಕಣಜಗಳಾದವು. ಆ ಉಪಕಾರವನ್ನು ಅಲ್ಲಗಳೆಯುವದು ಕೃತಘ್ನತೆಯಾದೀತು. ಆದರೆ ಹೊಳೆಯ ಲೆಕ್ಕವನ್ನೂ ಇಡಬೇಕಲ್ಲವೆ? ಅಣೆಕಟ್ಟು ಕಟ್ಟಿದಾಗ ಅದರಲ್ಲಿ ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿತ್ತು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. 2016ರ ಅಳತೆಯಲ್ಲಿ ಅದು 105.79 ಟಿ.ಎಂ.ಸಿ.ಗೆ ಇಳಿದಿತ್ತು. ಉಳಿದ ಜಾಗವನ್ನು ಹೂಳು ತುಂಬಿತು. ಈ ಹೂಳು ಎಲ್ಲಿಂದ ಬಂತು? ಮೇಲಿನ ಕಾಡು ಕಡಿದ ಗುಡ್ಡಗಳಿಂದ, ಅಗೆದ ಗಣಿಗಳಿಂದ, ಒಡ್ಡಿಲ್ಲದ ಹೊಲಗಳಿಂದ. ಮೇಲಿನ ಸರಕಾರದ ಅಪ್ಪಣೆಯಿಂದ ಕಾಡು ಹೋಯಿತು. ಕೆಳಗಿನ ಸರಕಾರದ ಜಲಾಶಯವು ಅದರ ದಂಡವನ್ನು ತೆತ್ತಿತು. 2024ನೆಯ ಆಗಸ್ಟ್ 10ರ ರಾತ್ರಿ ಆ ಅಣೆಕಟ್ಟಿನ 19ನೆಯ ಬಾಗಿಲು ಕೊಚ್ಚಿಹೋಗಿ, ಕೂಡಿಟ್ಟ ನೀರು ಕಣ್ಣೆದುರಿಗೆ ಹರಿದುಹೋದಾಗ ಇಡಿಯ ನಾಡೇ ತಳಮಳಿಸಿತು. ಕಬ್ಬಿಣದ ಬಾಗಿಲು ಕಿತ್ತುಹೋದದ್ದು ಒಂದೇ ರಾತ್ರಿಯಲ್ಲಿ ಕಂಡಿತು. ಎಪ್ಪತ್ತು ವರ್ಷಗಳಿಂದ ಹೂಳಿಗೆ ಕಳೆದುಕೊಂಡ ನೀರು ಯಾರ ಕಣ್ಣಿಗೂ ಹಾಗೆ ಕಾಣಲಿಲ್ಲ.

ಇನ್ನು ನಮ್ಮ ಮನೆಯ ಹತ್ತಿರದ ಅಣೆಕಟ್ಟಿಗೆ ಬರೋಣ. ಲಕ್ಕವಳ್ಳಿಯ ಭದ್ರಾ ಜಲಾಶಯದ ಕೆಲಸವು 1947ರಲ್ಲಿ ಮೊದಲಾಗಿ 1960ರ ದಶಕದಲ್ಲಿ ಮುಗಿಯಿತು. 71.5 ಟಿ.ಎಂ.ಸಿ. ನೀರು ಹಿಡಿಯುವ ಆ ಜಲಾಶಯವು ದಾವಣಗೆರೆ, ಹರಿಹರಗಳ ಎರೆಭೂಮಿಯ ಮುಖವನ್ನೇ ಬದಲಿಸಿತು. ಜೋಳ ಹತ್ತಿಗಳ ಬಯಲಿನಲ್ಲಿ ಬತ್ತ ಬಂತು, ಕಬ್ಬು ಬಂತು, ತೆಂಗು ಅಡಕೆಗಳ ತೋಟಗಳು ಬಂದವು. ಮಕ್ಕಳು ಹೈಸ್ಕೂಲು ಕಾಲೇಜುಗಳ ಮುಖ ನೋಡಿದರು. ಇದೆಲ್ಲವೂ ನಿಜ. ಅದರೊಡನೆ ಇನ್ನೊಂದು ನಿಜವೂ ಇರುವದು. ಮಳೆಗಾಲದ ಪ್ರವಾಹವನ್ನು ನೋಡಿ ಮೇಲಕ್ಕೆ ಈಜಿ ಮೊಟ್ಟೆಯಿಡುವ ಮಹಸೀರಿನಂಥ ಮೀನುಗಳಿಗೆ ಆ ಎತ್ತರದ ಗೋಡೆಯು ದಾಟಲಾರದ ಕೋಟೆಯಾಯಿತು. ಪ್ರವಾಹವು ಬರುವ ಕಾಲಕ್ಕೆ ಬಾರದೆ, ಬಾಗಿಲು ತೆರೆದ ದಿನ ಬರುವಂತಾಯಿತು. ಹೊಳೆಯ ಪಂಚಾಂಗವೇ ಕಚೇರಿಯ ಆದೇಶಕ್ಕೆ ಅಧೀನವಾಯಿತು. ಗದ್ದೆಗೆ ಸುರಿದ ಗೊಬ್ಬರವೂ ಔಷಧವೂ ಬಸಿಗಾಲುವೆಗಳ ಮೂಲಕ ಮರಳಿ ಹೊಳೆಗೇ ಬಂದು ಸೇರಿದವು. ಗೊಬ್ಬರದ ಸತ್ವವುಂಡ ನೀರಿನಲ್ಲಿ ಪಾಚಿಯು ಮಿತಿಮೀರಿ ಬೆಳೆಯುವದು. ಕೆಳಗಿನ ತುಂಗಭದ್ರಾ ಜಲಾಶಯದ ನೀರು ಕೆಲವು ವರ್ಷಗಳಲ್ಲಿ ಹಸುರು ಬಣ್ಣಕ್ಕೆ ತಿರುಗಿದುದನ್ನು ಆ ಭಾಗದ ಜನರು ನೋಡಿರುವರು. ಕಾಲುವೆಯ ತಲೆಯವರು ಮೂರು ಪಾಲು ನೀರು ಹರಿಸಿಕೊಂಡು ಭೂಮಿಯನ್ನು ಜೌಗು ಮಾಡಿಕೊಂಡರೆ, ಕೊನೆಯಂಚಿನ ರೈತರು ವರ್ಷವರ್ಷವೂ ನೀರಿಗಾಗಿ ರಸ್ತೆಗೆ ಇಳಿಯಬೇಕಾಗಿರುವದು. ನೀರಿನ ಪೋಲೂ ನೀರಿನ ಬರವೂ ಒಂದೇ ಕಾಲುವೆಯಲ್ಲಿ ಕೂಡಿ ಬಾಳುವವೆಂದರೆ ಕೊರತೆಯು ಮಳೆಯದೋ ಆಡಳಿತದ್ದೋ ಎಂಬುದನ್ನು ತಾವೇ ವಿಚಾರಿಸಿರಿ.

ಭದ್ರೆಯ ಮೇಲ್ದಂಡೆಯಲ್ಲಿ ಇನ್ನೇನು ನಡೆಯಿತು? 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರಖಾನೆಯು ಕುಲುಮೆ ಹೊತ್ತಿಸಿತು. ಅದು ಮೈಸೂರಿನ ಅಭಿಮಾನದ ಕೂಸು. ಅದರ ಕುಲುಮೆಗಳಿಗೆ ಇದ್ದಿಲು ಮಲೆನಾಡಿನ ಕಾಡಿನಿಂದ ಬಂತು. 1936ರಲ್ಲಿ ಸ್ಥಾಪಿತವಾದ ಕಾಗದದ ಕಾರಖಾನೆಗೆ ಬಿದಿರೂ ಮರವೂ ಬಂದವು. ಅಂದಿನ ಆಲೋಚನೆಯಲ್ಲಿ ಕಾಡೆಂದರೆ ತೀರದ ಉಗ್ರಾಣ, ಹೊಳೆಯೆಂದರೆ ತುಂಬದ ಕೊಚ್ಚೆಗುಂಡಿ. ಆಮೇಲೆ 1976ರಲ್ಲಿ ಕೇಂದ್ರ ಸರಕಾರವು ಕುದುರೆಮುಖ ಕಬ್ಬಿಣದ ಅದಿರು ಕಂಪನಿಯನ್ನು ಸ್ಥಾಪಿಸಿ, ಜಡಿಮಳೆ ಬೀಳುವ ಭದ್ರೆಯ ತವರುಗುಡ್ಡಗಳನ್ನೇ ಅಗೆಯಲು ಅಪ್ಪಣೆ ಕೊಟ್ಟಿತು. ಮಳೆಗಾಲಕ್ಕೆ ಕೆಂಪು ಮಣ್ಣು ಹೊಳೆಗೆ ಇಳಿಯಿತು. 1987ರಲ್ಲಿ ಅದೇ ಪ್ರದೇಶವನ್ನು ಸರಕಾರವು ರಾಷ್ಟ್ರೀಯ ಉದ್ಯಾನವೆಂದು ಸಾರಿತು. ಒಂದು ಕೈಯಲ್ಲಿ ಹಾರೆ, ಇನ್ನೊಂದು ಕೈಯಲ್ಲಿ ರಕ್ಷೆಯ ದಾರ! ಕೊನೆಗೆ 2002ರಲ್ಲಿ ಸುಪ್ರೀಂ ಕೋರ್ಟು ಆಜ್ಞೆಯಿತ್ತು, 2005ರ ಡಿಸೆಂಬರ್ ಕೊನೆಗೆ ಗಣಿಯು ನಿಂತಿತು. ಗುಡ್ಡ ಅಗೆಯುವದನ್ನು ಆದೇಶದಿಂದ ಆರಂಭಿಸಲು ಬರುವಂತೆ ಆದೇಶದಿಂದ ನಿಲ್ಲಿಸಲೂ ಬರುವದೆಂಬುದಕ್ಕೆ ಇದು ಸಾಕ್ಷಿ. ಕೆಡುಕನ್ನು ವಿಧಿಯೆಂದು ತಿಳಿದು ಕೈಕಟ್ಟಿ ಕೂಡುವವರು ಈ ಸಾಕ್ಷಿಯನ್ನು ನೆನಪಿನಲ್ಲಿಡಬೇಕು.

ಈಗ ನಾವು ಹರಿಹರದ ಎದುರು ದಂಡೆಗೆ ಬರುವೆವು. 1972ರಲ್ಲಿ ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಎಂಬ ಕಾರಖಾನೆಯು ಆರಂಭವಾಯಿತು. ನೀಲಗಿರಿ ಮೊದಲಾದ ಮರಗಳನ್ನು ಬೇಯಿಸಿ, ಕೃತಕ ರೇಶಿಮೆಗೆ ಬೇಕಾಗುವ ತಿರುಳನ್ನು ತೆಗೆಯುವದು ಅದರ ಉದ್ಯೋಗ. ಸರಕಾರವು ಅದನ್ನು ಆದರದಿಂದ ಬರಮಾಡಿಕೊಂಡಿತು. ಸಾವಿರಾರು ಜನರಿಗೆ ಅನ್ನವೂ ದೊರೆಯಿತು. ಆದರೆ ಕಾರಖಾನೆ ಬಂದಾಗ ಹೊಳೆಯನ್ನು ಕಾಯಲೆಂದೇ ಮಾಡಿದ ಕೇಂದ್ರದ ಕಾಯಿದೆಯು ಇರಲಿಲ್ಲ. ಜಲಮಾಲಿನ್ಯ ನಿವಾರಣೆಯ ಕಾಯಿದೆಯು ಬಂದದ್ದು 1974ರಲ್ಲಿ; ನಮ್ಮ ರಾಜ್ಯದ ಮಂಡಲಿಯು ಸ್ಥಾಪಿತವಾದದ್ದೂ ಆ ವರ್ಷವೇ. ಮೊದಲು ಕಾರಖಾನೆ, ಆಮೇಲೆ ಕಾಯಿದೆ, ಅದರ ಹಿಂದೆ ಬಹುದೂರದಲ್ಲಿ ಕಾಯಿದೆಯ ಪಾಲನೆ. ನಮ್ಮ ನಾಡಿನಲ್ಲಿ ಇವುಗಳ ಕ್ರಮವೇ ಹೀಗೆ.

ಉಪಾಧ್ಯಾಯ ಬಂಧುಗಳು ಇಲ್ಲಿರುವದರಿಂದ ಹೊಳೆಯು ಹೇಗೆ ಸಾಯುವದೆಂಬುದನ್ನು ತುಸು ವಿವರಿಸಲು ಅಪ್ಪಣೆಯನ್ನು ಬೇಡುವೆವು. ನಮ್ಮಂತೆಯೇ ಮೀನೂ ಆಮ್ಲಜನಕವನ್ನು ಉಸಿರಾಡುವದು. ಅದು ನೀರಿನಲ್ಲಿ ಕರಗಿದ ಆಮ್ಲಜನಕ. ನಮ್ಮ ಹವೆಯಲ್ಲಿ ಶುದ್ಧವಾದ ಹೊಳೆಯ ಒಂದು ಲೀಟರಿನಲ್ಲಿ ಅದು ಸುಮಾರು 7-8 ಮಿಲಿಗ್ರಾಮಿನಷ್ಟು ಇರುವದು. ಮೀನು ಬಾಳಬೇಕಾದರೆ ಕನಿಷ್ಠ 4 ಮಿಲಿಗ್ರಾಮು ಬೇಕೆಂದು ಸರಕಾರದ ಮಂಡಲಿಯೇ ಗೊತ್ತುಮಾಡಿರುವದು. ಮರದ ರಸವೂ ಊರಿನ ಹೇಸಿಗೆಯೂ ನೀರಿಗೆ ಬಿದ್ದರೆ ಅವುಗಳನ್ನು ತಿನ್ನುವ ಸೂಕ್ಷ್ಮ ಜೀವಿಗಳು ಕೋಟಿ ಕೋಟಿಯಾಗಿ ಹೆಚ್ಚಿ, ಆ ಆಮ್ಲಜನಕವನ್ನೆಲ್ಲ ತಾವೇ ಉಂಡುಬಿಡುವವು. ಆದ್ದರಿಂದ ಕಾರಖಾನೆಯ ನೀರು ಹೊಳೆಗೆ ಬರುವ ಮೊದಲು ಅದರ ಆಮ್ಲಜನಕದ ಹಸಿವು ಲೀಟರಿಗೆ 30 ಮಿಲಿಗ್ರಾಮನ್ನು ಮೀರಕೂಡದೆಂದು ಕಟ್ಟಳೆ ಇರುವದು. ಶ್ರಾವಣದಲ್ಲಿ ಹೊಳೆ ತುಂಬಿ ಹರಿಯುವಾಗ ಈ ಹೊರೆಯನ್ನು ಹೇಗೋ ಸಹಿಸಿಕೊಳ್ಳುವದು. ಬೇಸಿಗೆಯಲ್ಲಿ ಮೇಲಿನ ಅಣೆಕಟ್ಟುಗಳು ನೀರನ್ನು ಹಿಡಿದಿಟ್ಟು, ಹೊಳೆಯು ಸಣ್ಣ ಸೆಲೆಯಾದಾಗ ಅದೇ ಹೊರೆಯು ಪ್ರಾಣಾಂತಿಕವಾಗುವದು. ನೀರಾವರಿ ಇಲಾಖೆಯ ನೀತಿಗೂ ಉದ್ಯೋಗ ಇಲಾಖೆಯ ನೀತಿಗೂ ಒಂದಕ್ಕೊಂದರ ಪರಿಚಯವಿರಲಿಲ್ಲ. ಆದರೆ ಮೀನಿನ ಕಿವಿರಿನಲ್ಲಿ ಅವೆರಡೂ ಸಂಧಿಸಿದವು.

1984ರಲ್ಲಿ ಕಾರಖಾನೆಯ ಕೆಳಗಿನ ಹೊಳೆಯಲ್ಲಿ ಮೀನುಗಳು ರಾಶಿ ರಾಶಿಯಾಗಿ ಸತ್ತು ತೇಲಿದವು. ಬಲೆ ಹರಿಗೋಲುಗಳನ್ನೇ ನಂಬಿದ ಬೆಸ್ತರ ಮನೆಗಳಲ್ಲಿ ಒಲೆ ಆರಿತು; ಹೊಳೆಯ ನೀರನ್ನೇ ಕುಡಿಯುತ್ತಿದ್ದ ಹಳ್ಳಿಗಳ ಜನರು ತುರಿಕೆ, ನಾತ, ನೊರೆಗಳ ಮಾತನ್ನು ಹೇಳಿಕೊಂಡರು. ಆಗ ಧಾರವಾಡದ ಸಮಾಜ ಪರಿವರ್ತನ ಸಮುದಾಯವೂ ದಂಡೆಯ ಹಳ್ಳಿಗರೂ ಕೂಡಿ ಚಳವಳಿ ಹೂಡಿದರು. ಅವರು ಅಂಕಿಗಳನ್ನು ಕೂಡಿಸಿದರು, ಸಭೆಗಳನ್ನು ನೆರೆಸಿದರು, ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಅದೇ 1984ರ ನವೆಂಬರಿನಲ್ಲಿ ಸರಕಾರವು ಕರ್ನಾಟಕ ಪಲ್ಪ್‌ವುಡ್ ಎಂಬ ಕೂಡುಕಂಪನಿಯನ್ನು ಏರ್ಪಡಿಸಿ, ಹಳ್ಳಿಗರು ದನ ಮೇಯಿಸುತ್ತಿದ್ದ, ಸೌದೆ ಆರಿಸುತ್ತಿದ್ದ ಸುಮಾರು 30,000 ಹೆಕ್ಟೇರು ಭೂಮಿಯನ್ನು ನೀಲಗಿರಿ ನೆಡುವದಕ್ಕಾಗಿ ಕೊಡಲು ಹೊರಟಿತು. ಹೊಳೆಯ ನೀರನ್ನು ಕೆಡಿಸಿದ ಉದ್ಯೋಗವೇ ಹೊಳೆಯನ್ನು ಸಾಕುವ ಗೋಮಾಳಕ್ಕೂ ಕೈಚಾಚಿದಾಗ ಜನರಿಗೆ ಕಾಡೂ ಹೊಳೆಯೂ ಒಂದೇ ಎಂಬುದು ತಿಳಿಯಿತು. ಡಾ. ಶಿವರಾಮ ಕಾರಂತರೇ ಮೊದಲಾದವರು ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. 1987ರ ನವೆಂಬರ್ 14ರಂದು ಹಾನಗಲ್ಲು ತಾಲೂಕಿನ ಕುಸನೂರಿನಲ್ಲಿ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹವು ನಡೆಯಿತು. ನೀಲಗಿರಿಯ ಸಸಿಗಳನ್ನು ಕಿತ್ತು, ಜನರಿಗೆ ಬೇಕಾದ ಮರಗಳ ಸಸಿಗಳನ್ನು ಹಚ್ಚಿದರು. 1991ರಲ್ಲಿ ಆ ಕೂಡುಕಂಪನಿಯು ಮುಚ್ಚಿತು. ಉಪ್ಪಿನ ಸತ್ಯಾಗ್ರಹದ ವಾರಸಿಕೆಯು ಈ ನಾಡಿನಲ್ಲಿ ಬತ್ತಿಲ್ಲವೆಂಬುದನ್ನು ನಮ್ಮ ಹಳ್ಳಿಗರು ತೋರಿಸಿಕೊಟ್ಟರು.

ಬಂಧುಗಳೆ, ಇಲ್ಲಿ ಒಂದು ಪ್ರಶ್ನೆಯನ್ನು ಕೇಳಲೇಬೇಕಾಗಿದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಕನ್ನಡ ತಾಲೂಕುಗಳು ಮೈಸೂರಿಗೆ ಬಂದವು. 1956ರ ನವೆಂಬರ್ 1ರಂದು ಧಾರವಾಡ, ರಾಯಚೂರು ಸೀಮೆಗಳು ಬಂದು ಸೇರಿದವು. ಗಂಗಾಮೂಲದಿಂದ ಬಹುದೂರದವರೆಗೆ ತುಂಗಭದ್ರೆಯ ಎರಡು ದಂಡೆಗಳೂ ಒಂದೇ ಸರಕಾರದ ಕೈಗೆ ಬಂದವು. 1973ರಲ್ಲಿ ಆ ನಾಡಿಗೆ ಕರ್ನಾಟಕವೆಂಬ ಹೆಸರೂ ಬಂತು. ಹಾಗಿದ್ದರೆ 1984ರಲ್ಲಿ ಮೀನು ಸತ್ತದ್ದು ಪರರಾಜ್ಯದ ದೋಷದಿಂದಲ್ಲ. ಮುಂಬಯಿಯನ್ನೋ ಮದರಾಸನ್ನೋ ನಿಜಾಮನನ್ನೋ ಬೊಟ್ಟುಮಾಡಿ ತೋರಿಸುವ ಅನುಕೂಲವು ನಮಗೆ ಉಳಿದಿರಲಿಲ್ಲ. ನಕಾಶೆಯ ಗೆರೆ ಅಳಿಸಿತು, ಮನಸ್ಸಿನ ಗೆರೆ ಅಳಿಸಲಿಲ್ಲ. ಹರಿಹರವು ಚಿತ್ರದುರ್ಗ ಜಿಲ್ಲೆಯಲ್ಲಿಯೂ ರಾಣೆಬೆನ್ನೂರು ಧಾರವಾಡ ಜಿಲ್ಲೆಯಲ್ಲಿಯೂ ಉಳಿದವು. 1997ರಲ್ಲಿ ದಾವಣಗೆರೆಯೂ ಹಾವೇರಿಯೂ ಹೊಸ ಜಿಲ್ಲೆಗಳಾದಾಗ ಹೊಳೆಯು ಮತ್ತೆ ಅವುಗಳ ನಡುವಿನ ಗಡಿಯೇ ಆಯಿತು. ಈ ದಂಡೆಯವರ ದೂರು ಈ ಜಿಲ್ಲೆಯ ಕಚೇರಿಗೆ, ಆ ದಂಡೆಯವರ ದೂರು ಆ ಜಿಲ್ಲೆಯ ಕಚೇರಿಗೆ. ನೀರು ನೀರಾವರಿ ಇಲಾಖೆಯದು, ಮರಳು ಗಣಿ ಇಲಾಖೆಯದು, ಮೀನು ಮೀನುಗಾರಿಕೆ ಇಲಾಖೆಯದು, ಕೊಳಚೆ ನಗರಸಭೆಯದು, ತುಂಗಭದ್ರಾ ಅಣೆಕಟ್ಟು 1953ರಲ್ಲಿ ನೇಮಕವಾದ ಬೇರೊಂದು ಮಂಡಲಿಯದು. ಹಾಗಾದರೆ ಹೊಳೆ ಯಾರದು? ಅಂದು ಒಡೆಯರು ನಾಲ್ವರಿದ್ದರು. ಇಂದು ಕಚೇರಿಗಳು ಹತ್ತಾರು.

ಕಾಯಿದೆಯಿಂದಲೂ ಜನರ ಒತ್ತಾಯದಿಂದಲೂ ಕಾರಖಾನೆಗಳು ಶುದ್ಧೀಕರಣದ ಏರ್ಪಾಡುಗಳನ್ನು ಮಾಡಿಕೊಳ್ಳಬೇಕಾಯಿತೆಂಬುದನ್ನು ಒಪ್ಪುವೆವು. ಭದ್ರಾವತಿಯ ಕಾಗದದ ಕಾರಖಾನೆಯು 2015ರಲ್ಲಿ ಉತ್ಪಾದನೆಯನ್ನೇ ನಿಲ್ಲಿಸಿತು. ಆದರೂ ಕೇಂದ್ರ ಮಂಡಲಿಯು 2018ರಲ್ಲಿ ಪ್ರಕಟಿಸಿದ ಮಲಿನ ನದಿಗಳ ಪಟ್ಟಿಯಲ್ಲಿ ಕರ್ನಾಟಕದ 17 ನದಿಗಳಿದ್ದವು. ತುಂಗೆ, ಭದ್ರೆ, ತುಂಗಭದ್ರೆ ಮೂವರೂ ಅದರಲ್ಲಿದ್ದರು. ಇದಕ್ಕೆ ಕಾರಖಾನೆಯೊಂದನ್ನೇ ದೂರಿ ಕೈತೊಳೆದುಕೊಳ್ಳುವಂತಿಲ್ಲ. ದಂಡೆಯ ಪಟ್ಟಣಗಳಲ್ಲಿರುವ ನಾವೆಲ್ಲರೂ ನಮ್ಮ ಬಚ್ಚಲನ್ನು ಹೊಳೆಗೆ ತೆರೆದಿಟ್ಟವರೇ. ಹಬ್ಬದ ದಿನ ಗಂಗಾಪೂಜೆ ಮಾಡುವವರೂ ನಾವೇ, ಮರುದಿನ ಚರಂಡಿಯನ್ನು ಅಲ್ಲಿಗೇ ತಿರುಗಿಸುವವರೂ ನಾವೇ. ಇನ್ನು ಮರಳಿನ ಮಾತು. ಮರಳೆಂದರೆ ಹೊಳೆಯ ಜರಡಿ, ಹೊಳೆಯ ಕೊಡ; ಮಳೆಗಾಲದ ನೀರನ್ನು ತನ್ನ ಒಡಲಿನಲ್ಲಿಟ್ಟು ಬೇಸಿಗೆಗೆ ಒಸರುವದು ಅದೇ. ಪಟ್ಟಣಗಳಲ್ಲಿ ಮನೆಗಳು ಏಳುವದಕ್ಕಾಗಿ ಆ ಕೊಡವನ್ನು ಲಾರಿಗಳಲ್ಲಿ ತುಂಬಿ ಒಯ್ದರೆ ದಂಡೆಯ ಬಾವಿಗಳು ಬತ್ತುವದರಲ್ಲಿ ಆಶ್ಚರ್ಯವೇನು?

“ಅನ್ನ ಬೇಕೋ ಮೀನು ಬೇಕೋ?” ಎಂದು ಕೆಲವರು ಕೇಳುವರು. ಈ ಪ್ರಶ್ನೆಯು ನ್ಯಾಯವಾದುದಲ್ಲವೆಂದು ನಾವು ಹೇಳುವೆವು. ಬೆಸ್ತನಿಗೆ ಮೀನೇ ಅನ್ನ. ಕಾರಖಾನೆಯ ಕೂಲಿಕಾರನ ಮಗುವೂ ಕುಡಿಯುವದು ಇದೇ ಹೊಳೆಯ ನೀರು. ಸರಕಾರವು ಮನಸ್ಸು ಮಾಡಿದರೆ ಏನಾಗುವದೆಂಬುದಕ್ಕೆ ಇದೇ ಹೊಳೆಯ ಮೇಲೆ ಉದಾಹರಣೆಯಿರುವದು. 2015ರಲ್ಲಿ ಅಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರು ಹೊಳೆಯನ್ನು ನೀರುನಾಯಿಗಳ ರಕ್ಷಿತ ಪ್ರದೇಶವೆಂದು ಸಾರಿದರು. ಶೃಂಗೇರಿಯ ಮಠದ ಎದುರಿನ ತುಂಗೆಯಲ್ಲಿ ಭಕ್ತಿಯ ಕಾವಲಿನಲ್ಲಿ ಮೀನುಗಳು ನಿರ್ಭಯವಾಗಿ ಬಾಳುತ್ತಿರುವವು. ಒಂದು ಕಡೆ ಭಕ್ತಿ, ಇನ್ನೊಂದು ಕಡೆ ಕಾಯಿದೆ. ಎರಡೂ ಫಲ ಕೊಟ್ಟಿರುವವು. ಉಳಿದ ದಂಡೆಗಳು ಮಾಡಿದ ಪಾಪವೇನು?

ಆದಕಾರಣ ನಾವು ನಾಲ್ಕು ಮಾತುಗಳನ್ನು ಸರಕಾರದ ಮುಂದೆಯೂ ತಮ್ಮ ಮುಂದೆಯೂ ಇಡುವೆವು. ಒಂದನೆಯದು, ಗಂಗಾಮೂಲದಿಂದ ರಾಜ್ಯದ ಗಡಿಯವರೆಗೆ ತುಂಗಭದ್ರೆಯ ಆರೋಗ್ಯಕ್ಕೆ ಹೊಣೆಯಾಗುವ ಒಂದೇ ಅಧಿಕಾರವಿರಬೇಕು. ಜಿಲ್ಲೆಯ ಗಡಿಯು ನೀರಿನ ದೂರಿಗೆ ಅಡ್ಡ ಬರಕೂಡದು. ಎರಡನೆಯದು, ಬೇಸಿಗೆಯಲ್ಲಿ ಅಣೆಕಟ್ಟುಗಳಿಂದ ಹೊಳೆಗೆ ಬಿಡಬೇಕಾದ ಕನಿಷ್ಠ ನೀರನ್ನು ಕಾಲುವೆಯ ಪಾಳಿಯಂತೆಯೇ ಮೊದಲೇ ಗೊತ್ತುಮಾಡಿ ಸಾರಬೇಕು. ಮೂರನೆಯದು, ದಂಡೆಯ ಯಾವ ಪಟ್ಟಣದ ಕೊಳಚೆಯೂ ಶುದ್ಧವಾಗದೆ ಹೊಳೆಗೆ ಇಳಿಯಕೂಡದು; ಕಾರಖಾನೆಗೊಂದು ನ್ಯಾಯ, ನಗರಸಭೆಗೊಂದು ನ್ಯಾಯ ಬೇಡ. ನಾಲ್ಕನೆಯದು, ನೀರಿನ ಪರೀಕ್ಷೆಯ ಫಲವನ್ನು ತಿಂಗಳು ತಿಂಗಳೂ ಪ್ರತಿಯೊಂದು ದಂಡೆಯ ಊರಿನ ಪಂಚಾಯತಿಯ ಹಲಗೆಯ ಮೇಲೆ ಕನ್ನಡದಲ್ಲಿ ಬರೆಯಬೇಕು. ಜನರ ನುಡಿಯಲ್ಲಿ ಆಡಳಿತವಿರಬೇಕೆಂದು ಏಕೀಕರಣದ ಹಿರಿಯರು ಕೇಳಿದರು. ಕುಡಿಯುವ ನೀರಿನ ಗುಣವು ಜನರಿಗೆ ತಿಳಿಯದ ಭಾಷೆಯಲ್ಲಿ ಕಚೇರಿಯ ಕಪಾಟಿನಲ್ಲಿ ಉಳಿದರೆ ಆ ಬೇಡಿಕೆಯು ಇನ್ನೂ ಈಡೇರಿಲ್ಲವೆಂದೇ ಅರ್ಥ.

ಕೊನೆಯದಾಗಿ ಉಪಾಧ್ಯಾಯ ಬಂಧುಗಳಲ್ಲಿ ಒಂದು ವಿಜ್ಞಾಪನೆ. ತಮ್ಮ ಶಾಲೆಯ ಹುಡುಗರನ್ನು ವಾರಕ್ಕೊಮ್ಮೆ ಹೊಳೆಯ ದಂಡೆಗೆ ಕರೆದೊಯ್ಯಿರಿ. ಒಂದು ನೋಟುಬುಕ್ಕಿನಲ್ಲಿ ತಾರೀಖು, ನೀರಿನ ಬಣ್ಣ, ವಾಸನೆ, ಕಲ್ಲಿನ ಮೇಲೆ ನೀರು ಮುಟ್ಟಿದ ಗುರುತು, ಕಂಡ ಮೀನು, ಕಂಡ ಹಕ್ಕಿ, ಇಷ್ಟನ್ನೇ ಬರೆಯಿಸಿರಿ. ಎದುರು ದಂಡೆಯ ಶಾಲೆಯವರೂ ಹಾಗೆಯೇ ಬರೆಯಲಿ. ವರ್ಷಕ್ಕೊಮ್ಮೆ ಎರಡು ದಂಡೆಯ ಹುಡುಗರು ಹರಿಹರದ ಸೇತುವೆಯ ಹತ್ತಿರ ಕೂಡಿ ತಮ್ಮ ತಮ್ಮ ಪುಸ್ತಕಗಳನ್ನು ಹೋಲಿಸಿ ನೋಡಲಿ. ಹತ್ತು ವರ್ಷಗಳ ಅಂಥ ಪುಸ್ತಕವು ಕೈಯಲ್ಲಿದ್ದರೆ, “ಹೊಳೆಯು ಮೊದಲಿನಿಂದಲೂ ಹೀಗೆಯೇ ಇತ್ತು” ಎಂದು ಯಾವ ಅಧಿಕಾರಿಯೂ ಹೇಳಲಾರನು. 1984ರಲ್ಲಿ ಹಳ್ಳಿಗರ ಬಾಯಿಮಾತಿಗೆ ಬೆಲೆ ಬರಲು ಬಹಳ ಕಾಲ ಹಿಡಿಯಿತು; ಬರೆದಿಟ್ಟ ಮಾತಿಗೆ ಅಷ್ಟು ಕಾಲ ಹಿಡಿಯದು.

ಸಾರಥಿಯ ಹಿರಿಯರೆ, ಸ್ವರಾಜ್ಯದಲ್ಲಿ ಲಗಾಮು ಹಿಡಿಯುವವರನ್ನು ನಾವೇ ಆರಿಸಿ ಕಳುಹುವೆವು. ಹಾಗಿರುವಾಗ ರಥವು ದಾರಿ ತಪ್ಪಿದರೆ ಅದರ ದೋಷದಲ್ಲಿ ನಮಗೂ ಪಾಲಿರುವದು. ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬಂದವರನ್ನು ಮೊದಲು ಹೊಳೆಯ ದಂಡೆಗೆ ಕರೆದೊಯ್ದು, ಒಂದು ಬೊಗಸೆ ನೀರನ್ನು ಕೈಯಲ್ಲಿ ಕೊಟ್ಟು, “ಇದನ್ನು ಕುಡಿಯುವಿರಾ?” ಎಂದು ಕೇಳಿರಿ. ಅವರು ಹಿಂದೆ ಮುಂದೆ ನೋಡದೆ ಕುಡಿಯುವ ದಿನವು ಬಂದಾಗ ತುಂಗಭದ್ರೆಯ ಎರಡು ದಂಡೆಗಳೂ ನಿಜವಾಗಿ ಒಂದಾದವೆಂದು ತಿಳಿಯೋಣ.